ಗರ್ಭಿಣಿಯ ಮೂತ್ರದಲ್ಲಿ ಪ್ರೋಟೀನ್: ಒಂದು ಹಳೆಯ ಪರೀಕ್ಷೆಯ ಹಿನ್ನೆಲೆ

ತಾಯಿ ಕಾರ್ಡಿನಲ್ಲಿ ರಕ್ತದೊತ್ತಡ, ತೂಕ, ಹಿಮೋಗ್ಲೋಬಿನ್‌ಗಳ ಜೊತೆಗೆ ಮೂತ್ರದ ಆಲ್ಬುಮಿನ್ ಎಂಬ ಪ್ರೋಟೀನ್‌ಗೂ ಜಾಗವಿದೆ. ಅದಕ್ಕೆ ಆ ಜಾಗ ಸಿಕ್ಕಿದ್ದು ರಕ್ತದೊತ್ತಡಕ್ಕಿಂತ ಬಹಳ ಮೊದಲು.

1843ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಲೀವರ್, ಹೆರಿಗೆಯ ಹೊತ್ತಿನಲ್ಲಿ ಸೆಳವು ಬಂದ ಹೆಂಗಸರ ಮೂತ್ರವನ್ನು ಕಾಯಿಸಿದಾಗ ಅದು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟಿತು. ಅದೇ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಮೂತ್ರಪಿಂಡದ ರೋಗಿಗಳಲ್ಲಿ ಇದನ್ನೇ ಕಂಡಿದ್ದರಿಂದ ಎರಡೂ ಒಂದೇ ಎಂದುಕೊಳ್ಳುವುದು ಸಹಜವಾಗಿತ್ತು; ಆದರೆ ಹೆರಿಗೆಯಾದ ಬಳಿಕ ಆಲ್ಬುಮಿನ್ ಬೇಗನೆ ಮಾಯವಾಗುವುದನ್ನು ಗಮನಿಸಿದ ಲೀವರ್ ಇದು ಬೇರೆಯೇ ಕಾಯಿಲೆ ಎಂದರು. ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ಅಳೆಯುವ ರಿವಾ-ರೊಚ್ಚಿಯ ಸಾಧನ ಬಂದದ್ದು 1896ರಲ್ಲಿ. ಪ್ರೋಟೀನ್‌ಗೆ ದೊರೆತ ಹಿರಿತನಕ್ಕೆ ಈ ಅರ್ಧ ಶತಮಾನದ ಅಂತರವೂ ಒಂದು ಕಾರಣವೆಂದು ನನಗೆ ತೋರುತ್ತದೆ.

ಮುಂದೆ 20 ವಾರಗಳ ನಂತರ 140/90 ಮುಟ್ಟುವ ಬಿ.ಪಿ. ಮತ್ತು 24 ಗಂಟೆಗಳ ಮೂತ್ರದಲ್ಲಿ 300 ಮಿಲಿಗ್ರಾಂ ಪ್ರೋಟೀನ್, ಇವೆರಡೂ ಸೇರಿದರೆ ಮಾತ್ರ ಪ್ರಿಎಕ್ಲಾಂಪ್ಸಿಯಾ (ಸೆಳವಿಗೆ ಮುನ್ನಿನ ಹಂತದ ಇದೇ ಕಾಯಿಲೆ) ಎಂಬ ವ್ಯಾಖ್ಯೆ ನೆಲೆಗೊಂಡಿತು. ಇಡೀ ದಿನದ ಮೂತ್ರ ಕೂಡಿಡುವುದು ಯಾರಿಗೂ ಸುಲಭವಲ್ಲ. ಮೂತ್ರದಲ್ಲಿ ಅದ್ದಿದರೆ ಬಣ್ಣ ಬದಲಾಯಿಸುವ ಪಟ್ಟಿ ಅಗ್ಗವಾದರೂ, ಹೆಚ್ಚು ನೀರು ಕುಡಿದವರಲ್ಲಿ ಮೂತ್ರ ತೆಳುವಾಗಿ ಪ್ರೋಟೀನ್ ಕಣ್ತಪ್ಪಬಹುದು. ಅದಕ್ಕೆಂದೇ ಒಂದೇ ಮಾದರಿಯಲ್ಲಿ ಪ್ರೋಟೀನ್ ಮತ್ತು ಕ್ರಿಯಾಟಿನಿನ್‌ (ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮೂತ್ರಕ್ಕೆ ಸೇರುವ ತ್ಯಾಜ್ಯ) ಇವುಗಳ ಅನುಪಾತ ನೋಡುವ ಕ್ರಮ ಬಳಕೆಗೆ ಬಂತು.

ಆದರೆ ಮುನ್ಸೂಚನೆಯ ಮಾತೇ ಬೇರೆ. ಮೂತ್ರಪಿಂಡದ ಸೋಸುಜಾಲಕ್ಕೆ ಪೆಟ್ಟು ಬಿದ್ದ ಮೇಲಷ್ಟೇ ಪ್ರೋಟೀನ್ ಸೋರುತ್ತದೆ. ಕೆಲವರಲ್ಲಿ ಅದು ಸೋರುವ ಮುಂಚೆಯೇ ಯಕೃತ್ತು ಹದಗೆಡುತ್ತದೆ ಅಥವಾ ಸೆಳವು ಬರುತ್ತದೆ. ಹೀಗಾಗಿ 2013ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು, ಪ್ಲೇಟ್‌ಲೆಟ್ ಕುಸಿತ, ಯಕೃತ್ತಿನ ತೊಂದರೆ, ಬಿಡದ ತಲೆನೋವಿನಂಥ ಲಕ್ಷಣಗಳು ಬಿ.ಪಿ. ಜೊತೆಗಿದ್ದರೆ ಪ್ರೋಟೀನ್ ಇಲ್ಲದೆಯೂ ಕಾಯಿಲೆಯನ್ನು ಗುರುತಿಸಬೇಕೆಂದಿತು. ದಿನಕ್ಕೆ 5 ಗ್ರಾಂ ಪ್ರೋಟೀನ್ ಹೋದರೆ ರೋಗ ತೀವ್ರ ಎನ್ನುವ ಹಳೆಯ ಲೆಕ್ಕವನ್ನೂ ಕೈಬಿಟ್ಟಿತು.

ಅಷ್ಟರಲ್ಲಿ ಹುಡುಕಾಟ ರಕ್ತದತ್ತ ಹೊರಳಿತ್ತು. ಮಾಸಿನಿಂದ ಅತಿಯಾಗಿ ಹೊರಬರುವ ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನ್, ರಕ್ತನಾಳಗಳಿಗೂ ಸೋಸುಜಾಲಕ್ಕೂ ಬೇಕಾದ ಪೋಷಕ ಅಂಶಗಳನ್ನು ಹಿಡಿದಿಡುತ್ತದೆಂದು ಅನಂತ್ ಕರುಮಂಚಿಯವರ ತಂಡ 2003ರಲ್ಲಿ ತೋರಿಸಿತು. ಈ ಕಾಯಿಲೆಯನ್ನು ‘ನಂಜು’ ಎಂದ ಹಳಬರ ಊಹೆ ತೀರಾ ಪೊಳ್ಳಾಗಿರಲಿಲ್ಲ. ಎಸ್‌ಎಫ್‌ಎಲ್‌ಟಿ-1ಕ್ಕೂ ಪಿಎಲ್‌ಜಿಎಫ್ ಎಂಬ ಪೋಷಕ ಅಂಶಕ್ಕೂ ಇರುವ ಅನುಪಾತ 38 ಅಥವಾ ಅದಕ್ಕಿಂತ ಕಡಿಮೆಯಿದ್ದರೆ, ಕಾಯಿಲೆಯ ಶಂಕೆಯಿರುವ ಗರ್ಭಿಣಿಗೆ ಒಂದು ವಾರದೊಳಗೆ ಅದು ಬರುವ ಸಂಭವ ತೀರಾ ಕಡಿಮೆ ಎಂದು 2016ರ ಅಧ್ಯಯನವೊಂದು ಹೇಳಿತು. ಆದರೆ 38 ಮೀರಿದವರಲ್ಲಿ ನಾಲ್ಕು ವಾರಗಳೊಳಗೆ ಅದು ಕಾಣಿಸಿಕೊಂಡದ್ದು ಸುಮಾರು 37% ಮಂದಿಯಲ್ಲಿ ಮಾತ್ರ.