ಗುಡುಗಿಗೆ ಮೊಟ್ಟೆ ಕೆಡುವುದಿಲ್ಲ, ಕಬ್ಬಿಣ ಇಟ್ಟರೆ ಉಳಿಯುವುದೂ ಇಲ್ಲ

ಪ್ರಶ್ನೆ: ಸರ್, ಥರ್ಮಾಕೋಲ್ ಬಾಕ್ಸಿನಲ್ಲಿ 30 ನಾಟಿ ಮೊಟ್ಟೆ ಕಾವಿಗೆ ಇಟ್ಟಿದ್ದೆ. ಮೀಟರಿನಲ್ಲಿ ಸರಿಯಾಗಿ 37.5 ತೋರಿಸ್ತಿತ್ತು. ಮಧ್ಯೆ ಎರಡು ದಿನ ಜೋರು ಗುಡುಗು ಮಳೆ ಬಂತು. 21 ದಿನಕ್ಕೆ ಏಳೇ ಮರಿ ಒಡೆದಿದ್ದು. ಗುಡುಗಿಗೆ ಕೆಟ್ಟವು ಅಂತಾರೆ ನಮ್ಮಮ್ಮ. ಬಾಕ್ಸಿನೊಳಗೆ ಕಬ್ಬಿಣದ ಚೂರು ಇಡಬೇಕಿತ್ತಾ?

ಉತ್ತರ: ಬೇಕಿರಲಿಲ್ಲ. ಅಶ್ವಿನಿ ಮಳೆ ಶುರುವಾದಾಗಿನಿಂದ ರೋಹಿಣಿ ಮಳೆ ಮುಗಿಯುವವರೆಗೆ ಪ್ರತಿ ವರ್ಷವೂ ಇದೇ ಪ್ರಶ್ನೆ ಬರುತ್ತದೆ, ಮೊಟ್ಟೆಗಳ ಲೆಕ್ಕ ಮಾತ್ರ ಬೇರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ.

ನಮ್ಮಜ್ಜಿಯೂ ಕಾವಿನ ಮಂಕರಿಯಲ್ಲಿ ಒಂದು ಇದ್ದಿಲು, ಒಂದು ಮೊಳೆ, ಎರಡು ಒಣಮೆಣಸಿನಕಾಯಿ ಇಡುತ್ತಿದ್ದರು. ಕೋಳಿ ಸಾಕುವುದರಲ್ಲಿ ಅವರಷ್ಟು ಕೈಗುಣ ಇದ್ದವರನ್ನು ನಾನು ಕಂಡಿಲ್ಲ. ಆದರೆ ಮರಿ ಚೆನ್ನಾಗಿ ಒಡೆಯುತ್ತಿದ್ದದ್ದು ಮೊಳೆಯಿಂದ ಅಲ್ಲ. ಯಾವ ಮೊಟ್ಟೆ ಇಡಬೇಕು, ಯಾವಾಗ ಇಡಬೇಕು, ಎಲ್ಲಿ ಇಡಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ನಾವು ಆ ತಿಳಿವಳಿಕೆಯನ್ನು ಬಿಟ್ಟು ಮೊಳೆಯನ್ನು ಮಾತ್ರ ಹಿಡಿದುಕೊಂಡಿದ್ದೇವೆ.

ಗುಡುಗಿನ ಸದ್ದಿಗೆ ಮೊಟ್ಟೆಯೊಳಗಿನ ಜೀವ ಸಾಯುವುದೇ ನಿಜವಾಗಿದ್ದರೆ ಗೀಜಗ ಎಂಬ ಹಕ್ಕಿ ಇಷ್ಟು ಹೊತ್ತಿಗೆ ನಿರ್ವಂಶವಾಗಬೇಕಿತ್ತು. ಅದು ಗೂಡು ನೇಯುವುದೇ ಮಳೆಗಾಲದಲ್ಲಿ, ಅದೂ ಜಾಲಿ ಮರದ ತುದಿಯಲ್ಲಿ, ಬಾವಿಯ ಮೇಲೆ ಬಾಗಿದ ಕೊಂಬೆಯಲ್ಲಿ, ಗುಡುಗು ಸಿಡಿಲಿಗೆ ನೇರ ಎದುರಾಗಿ. ಅದರ ಗೂಡಿನಲ್ಲಿ ಯಾರು ಮೊಳೆ ಇಟ್ಟರು? ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆ ಇದೆ, ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಗಿರಿರಾಜ ತಳಿಯನ್ನೇ ಬೆಳೆಸಿದ್ದಾರೆ. ಇಂಥ ಕಡೆಯ ಮರಿ ಮಾಡಿಸುವ ಯಂತ್ರಗಳು ಏಪ್ರಿಲ್, ಮೇ ಬಂತೆಂದು ನಿಲ್ಲುವುದಿಲ್ಲ. "ಆ ಯಂತ್ರವೇ ಕಬ್ಬಿಣದ್ದಲ್ಲವಾ ಸರ್, ಅದಕ್ಕೇ ಕೆಡಲ್ಲ" ಎಂದು ಒಬ್ಬರು ವಾದಿಸಿದರು. ಒಪ್ಪೋಣ. ಹಾಗಾದರೆ ನಿಮ್ಮ ಕೋಳಿ ಕಾವಿಗೆ ಕೂತಿರುವುದೂ ಕಬ್ಬಿಣದ ಶೀಟಿನ ಕೆಳಗೇ ತಾನೇ? ಅಷ್ಟು ದೊಡ್ಡ ಶೀಟು ಮಾಡದ ಕೆಲಸವನ್ನು ಎರಡಿಂಚು ಮೊಳೆ ಹೇಗೆ ಮಾಡುತ್ತದೆ?

ಈ ನಂಬಿಕೆ ಸಾಯದಿರುವುದಕ್ಕೆ ಕಾರಣವಿದೆ. ಮರಿ ಒಡೆದರೆ ಮೊಳೆ ಕಾಪಾಡಿತು ಅನ್ನುತ್ತೇವೆ, ಒಡೆಯದಿದ್ದರೆ ಗುಡುಗು ಜೋರಿತ್ತು ಅನ್ನುತ್ತೇವೆ. ಎರಡರಲ್ಲೂ ಮೊಳೆ ಸೋಲುವುದೇ ಇಲ್ಲ. ಒಂದು ಮಾತು ಮಾತ್ರ ನಿಜ: ಮೊಟ್ಟೆಯನ್ನು ಕುಲುಕಿದರೆ ತೊಂದರೆಯಾಗುತ್ತದೆ. ಮೊದಲ ವಾರದಲ್ಲಿ ಜೋರಾಗಿ ಅಲ್ಲಾಡಿಸಿದರೆ ಒಳಗಿನ ಎಳೆ ರಕ್ತನಾಳ ಹರಿಯಬಹುದು. ಗುಡುಗಿಗೆ ಕಿಟಕಿ ಗಾಜು ಅದುರಿದ್ದನ್ನು ನೋಡಿ ಹೆದರುವವರು, ಅದೇ ಮೊಟ್ಟೆಗಳನ್ನು ಹೊಂಡದ ರಸ್ತೆಯಲ್ಲಿ ಬೈಕಿನ ಹ್ಯಾಂಡಲಿಗೆ ನೇತುಹಾಕಿಕೊಂಡು ಬಂದಿರುತ್ತಾರೆ.

ಆದರೂ ಗುಡುಗಿನ ಕಾಲದಲ್ಲಿ ಮೊಟ್ಟೆ ಹೆಚ್ಚು ಕೆಡುವುದು ಸುಳ್ಳಲ್ಲ. ನಿಮ್ಮಮ್ಮ ಕಂಡದ್ದು ನಿಜ, ಕಾರಣ ಬೇರೆ. ಕಾರಣ ತಿಳಿಯಬೇಕಾದರೆ ಉಳಿದ 23 ಮೊಟ್ಟೆಗಳನ್ನು ತಿಪ್ಪೆಗೆ ಎಸೆಯುವ ಮೊದಲು ಒಡೆದು ನೋಡಬೇಕಿತ್ತು. "ಒಡೆದು ನೋಡಿದಿರಾ?" ಎಂದು ನಾನು ಕೇಳಿದಾಗ ಹೌದು ಎಂದವರು ಇಲ್ಲವೇ ಇಲ್ಲ ಅನ್ನಬೇಕು. ವಾಸನೆ ಬರುತ್ತದೆ, ನಿಜ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಡೆಯಿರಿ.

ಒಳಗೆ ಮರಿಯ ಗುರುತೇ ಇಲ್ಲದಿದ್ದರೆ ಹುಂಜ ಸೇರದ ಮೊಟ್ಟೆ, ಇಲ್ಲವೇ ತೀರಾ ಮೊದಲೇ ಸತ್ತದ್ದು. ಒಂದು ರಕ್ತದ ಬಳೆ ಮಾತ್ರ ಕಂಡರೆ ಮೊದಲ ವಾರದಲ್ಲಿ ಸತ್ತದ್ದು. ಏಪ್ರಿಲ್, ಮೇ ತಿಂಗಳಲ್ಲಿ ಹೀಗೆ ಮೊದಲೇ ಸಾಯುವುದಕ್ಕೆ ದೊಡ್ಡ ಕಾರಣ ಮೊಟ್ಟೆ ಕೂಡಿಡುವ ನಿಮ್ಮ ಅಡುಗೆಮನೆ. ಕಾವಿಗೆ ಇಡುವ ಮುಂಚೆ ಮೊಟ್ಟೆಯೊಳಗಿನ ಜೀವ ನಿದ್ದೆಯಲ್ಲಿರಬೇಕು. ಸುಮಾರು 20ರಿಂದ 24 ಡಿಗ್ರಿ ದಾಟಿತೆಂದರೆ ಒಳಗಿನ ಜೀವ ನಿಧಾನಕ್ಕೆ ಬೆಳೆಯಲು ತೊಡಗುತ್ತದೆ, ಆದರೆ ಪೂರ್ತಿ ಬೆಳೆಯುವಷ್ಟು ಕಾವು ಅಲ್ಲಿರುವುದಿಲ್ಲ. ಅರ್ಧಂಬರ್ಧ ಬೆಳೆದು ಸೊರಗಿ ಸಾಯುತ್ತದೆ. ನಾಟಿ ಹೇಂಟೆ ದಿನ ಬಿಟ್ಟು ದಿನ ಇಟ್ಟು ಹನ್ನೆರಡು ಮೊಟ್ಟೆ ಆಗುವಷ್ಟರಲ್ಲಿ ಮೊದಲನೆಯದಕ್ಕೆ ಮೂರು ವಾರ. ಮಾಗಿ ಚಳಿಯಲ್ಲಿ ಅದು ನಡೆದೀತು. ಶೀಟಿನ ಮನೆಯಲ್ಲಿ, ಬೇಸಿಗೆಯ 35 ಡಿಗ್ರಿಯಲ್ಲಿ ನಡೆಯುವುದಿಲ್ಲ. ಏಳು ದಿನ ಮೀರಿದ ಮೊಟ್ಟೆ ಕಾವಿಗೆ ಬೇಡ. ಇಟ್ಟುಕೊಳ್ಳಲು 15ರಿಂದ 18 ಡಿಗ್ರಿ ಒಳ್ಳೆಯದು. ಒದ್ದೆ ಮರಳಿನಲ್ಲಿ ಅರ್ಧ ಹೂತ ಮಣ್ಣಿನ ಮಡಕೆಯಲ್ಲಿ, ಚೂಪು ತುದಿ ಕೆಳಗೆ ಮಾಡಿ, ಮೊಟ್ಟೆಗೆ ನೀರು ತಾಗದಂತೆ ಇಡಿ. ಅಷ್ಟು ತಣ್ಣಗಾಗದಿದ್ದರೂ ಅಡುಗೆಮನೆಯ ಬುಟ್ಟಿಗಿಂತ ಎಷ್ಟೋ ಮೇಲು.

ಇನ್ನು ಮರಿ ಪೂರ್ತಿ ಬೆಳೆದು, ಪುಕ್ಕ ಬಂದು, ಒಳಗೇ ಸತ್ತಿದ್ದರೆ? ಗುಡುಗಿನ ಮೇಲೆ ಹೆಚ್ಚು ದೂರು ಬರುವುದು ಇದಕ್ಕೇ, ಹೊಟ್ಟೆ ಉರಿಯುವುದೂ ಇದಕ್ಕೇ. ಇದನ್ನು ನಾನು ಅರ್ಥ ಮಾಡಿಕೊಂಡದ್ದು ಮೂರು ಬ್ಯಾಚು ಕಳೆದುಕೊಂಡ ಮೇಲೆ. ಮೊಟ್ಟೆ ಉಸಿರಾಡುತ್ತದೆ. ಚಿಪ್ಪಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಸಣ್ಣ ರಂಧ್ರಗಳಿವೆ, ಅವುಗಳ ಮೂಲಕ ದಿನವೂ ಒಂದಿಷ್ಟು ನೀರಿನಂಶ ಆರಬೇಕು. ಆರಿದಷ್ಟೂ ದಪ್ಪ ತುದಿಯ ಗಾಳಿಗೂಡು ದೊಡ್ಡದಾಗುತ್ತದೆ. ಮರಿ ಚಿಪ್ಪು ಕುಕ್ಕುವ ಮೊದಲು ಆ ಗೂಡಿಗೆ ಕೊಕ್ಕು ತೂರಿಸಿ ಮೊದಲ ಉಸಿರು ಎಳೆಯುವುದು. ಬೇಸಿಗೆಯ ಒಣ ಗಾಳಿಗೆಂದು ಬಾಕ್ಸಿನೊಳಗೆ ಎರಡು ಬಟ್ಟಲು ನೀರು ಇಟ್ಟಿರುತ್ತೀರಿ. ಮಳೆ ಬಂದು ಹೊರಗಿನ ತೇವವೇ ಏರಿತು, ನೀವು ಬಟ್ಟಲು ತೆಗೆಯಲಿಲ್ಲ. ಅದರ ಮೇಲೆ ಕಾವು ಹೋಗಬಾರದೆಂದು ಗಾಳಿಯ ತೂತಿಗೂ ಟೇಪು ಅಂಟಿಸಿದಿರಿ. ನೀರಿನಂಶ ಆರಲಿಲ್ಲ, ಗಾಳಿಗೂಡು ಚಿಕ್ಕದಾಗಿಯೇ ಉಳಿಯಿತು, ಇಪ್ಪತ್ತನೆಯ ದಿನ ಮರಿ ಉಸಿರಿಗೆ ಜಾಗ ಸಿಗದೆ ಸತ್ತಿತು.

ಇದನ್ನು ಮೊದಲೇ ತಿಳಿಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಹದಿನೆಂಟನೆಯ ದಿನಕ್ಕೆ ಮೊಟ್ಟೆಯ ತೂಕ ನೂರಕ್ಕೆ 12ರಿಂದ 13 ಪಾಲು ಇಳಿದಿರಬೇಕು. 45 ಗ್ರಾಮಿನ 30 ಮೊಟ್ಟೆ ಅಂದರೆ 1350 ಗ್ರಾಂ, ಅದರಲ್ಲಿ 162ರಿಂದ 175 ಗ್ರಾಂ ಇಳಿಯಬೇಕು. ಒಂಬತ್ತನೆಯ ದಿನ ಎಲ್ಲವನ್ನೂ ತೂಗಿ. 80 ಗ್ರಾಮಿನ ಆಸುಪಾಸು ಇಳಿದಿದ್ದರೆ ಸರಿ. 50 ಗ್ರಾಂ ಮಾತ್ರ ಇಳಿದಿದ್ದರೆ ಬಟ್ಟಲು ತೆಗೆದು ತೂತು ಬಿಡಿಸಿ. ಬಾಕ್ಸಿನೊಳಗಿನ ಗಾಳಿಯ ತೇವ ಮೊದಲ 18 ದಿನ ಶೇಕಡಾ 50ರಿಂದ 55, ಕೊನೆಯ ಮೂರು ದಿನ 65ರಿಂದ 70 ಇರಲಿ. ಆ ಮೂರು ದಿನ ಮೊಟ್ಟೆ ತಿರುಗಿಸುವುದೂ ಬೇಡ, ಮುಚ್ಚಳ ತೆಗೆದು ಇಣುಕುವುದೂ ಬೇಡ.

ಗುಡುಗಿನ ಜೊತೆಗೆ ಕರೆಂಟೂ ಹೋಗುತ್ತದೆ, ಅದನ್ನು ಯಾಕೋ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಒಂದೆರಡು ಗಂಟೆ ತಣ್ಣಗಾದರೆ ಮೊಟ್ಟೆ ತಡೆದುಕೊಳ್ಳುತ್ತದೆ. ಕಾವಿಗೆ ಕೂತ ಹೇಂಟೆಯೂ ದಿನಕ್ಕೊಮ್ಮೆ ಮೇಯಲು ಎದ್ದುಹೋಗುತ್ತದಲ್ಲ. ಮುಚ್ಚಳ ತೆಗೆಯಬೇಡಿ, ಹೊತ್ತಾದರೆ ಎರಡು ಬಾಟಲಿ ಬಿಸಿನೀರು ಒಳಗಿಡಿ. ನಿಜವಾದ ಅಪಾಯ ಕರೆಂಟು ವಾಪಸ್ ಬಂದಾಗ. ಕಾವು ನಿಯಂತ್ರಿಸುವ ಥರ್ಮೋಸ್ಟಾಟಿನ ರಿಲೇ, ಅಂದರೆ ಅದರ ಸ್ವಿಚ್ಚು, ಅಂಟಿಕೊಂಡು ಕಾವು ಕೊಡುವ ಬಲ್ಬು ಆರದೇ ಉಳಿದರೆ, 40.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಳೆದರೂ ಮರಿಗೆ ಭಾರಿ ಪೆಟ್ಟು. ತಂಪಿಗಿಂತ ಸೆಕೆ ಬೇಗ ಕೊಲ್ಲುತ್ತದೆ.

37.5 ಇತ್ತು ಅಂದಿರಿ. ಯಾವ ಮೀಟರು, ಎಲ್ಲಿ ಇಟ್ಟದ್ದು? ಒಳಗೆ ಕಂಪ್ಯೂಟರ್ ಫ್ಯಾನು ತಿರುಗುತ್ತಿದ್ದರೆ 37.5 ಸರಿ. ಫ್ಯಾನಿಲ್ಲದ ಬಾಕ್ಸಿನಲ್ಲಿ ಮೊಟ್ಟೆಯ ಮೇಲ್ಮಟ್ಟದಲ್ಲಿ 38.3ರಿಂದ 38.8 ಬೇಕು, ಯಾಕೆಂದರೆ ಕೆಳಗೆ ತಂಪಿರುತ್ತದೆ. ಅಗ್ಗದ ಮೀಟರು ಒಂದು ಡಿಗ್ರಿ ಹೆಚ್ಚುಕಮ್ಮಿ ತೋರಿಸುವುದು ಮಾಮೂಲು. ಲೋಟದಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು, ಜ್ವರ ನೋಡುವ ಥರ್ಮಾಮೀಟರನ್ನೂ ಮೀಟರಿನ ಸೆನ್ಸಾರನ್ನೂ ಜೊತೆಗೆ ಅದ್ದಿ ಹೋಲಿಸಿ. ತೇವದ ಮೀಟರಿಗೂ ಪರೀಕ್ಷೆಯಿದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ನೀರಿನಲ್ಲಿ ತೇವ ಮಾಡಿ, ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ 75 ತೋರಿಸಬೇಕು. 68 ತೋರಿಸಿದರೆ ನಿಮ್ಮ ಮೀಟರು ಏಳು ಕಮ್ಮಿ ಹೇಳುತ್ತಿದೆ ಅಂತ. ಈ ಉಪ್ಪಿನ ಪರೀಕ್ಷೆಯನ್ನು ನಮ್ಮ ತಾಲ್ಲೂಕಿನಲ್ಲಿ ಹತ್ತಾರು ಮಂದಿಗೆ ಕಲಿಸಿದ್ದೇನೆ. ಅವರು ಮತ್ತೆ ನನಗೆ ಗುಡುಗಿನ ಪ್ರಶ್ನೆ ಕೇಳಿಲ್ಲ.

ನೀವು ಕೇಳಿಲ್ಲ, ಆದರೂ ಒಡೆದ ಆ ಏಳು ಮರಿಗಳ ಬಗ್ಗೆ ಹೇಳಬೇಕು. ಅವು ನೀರಿನ ತಟ್ಟೆಯಲ್ಲಿ ಸಾಯಬಾರದು. ಊಟದ ತಟ್ಟೆಯಲ್ಲಿ ನೀರಿಟ್ಟರೆ ಮರಿ ಅದರೊಳಗೆ ನಡೆದು, ಒದ್ದೆಯಾಗಿ, ಚಳಿ ಹಿಡಿದು ಸಾಯುತ್ತದೆ. ಖಾಲಿ ಪ್ಲಾಸ್ಟಿಕ್ ಬಾಟಲಿ ಮತ್ತು ಒಂದಿಂಚು ಅಂಚಿರುವ ತಟ್ಟೆ ಇದ್ದರೆ ಸಾಕು. ಬಾಟಲಿಯ ಬಾಯಿಯ ಹತ್ತಿರ, ಬೋರಲು ನಿಲ್ಲಿಸಿದಾಗ ತಟ್ಟೆಯ ತಳದಿಂದ ಅರ್ಧ ಇಂಚು ಎತ್ತರಕ್ಕೆ ಬರುವಂತೆ ಒಂದೇ ಒಂದು ತೂತು ಕೊರೆಯಿರಿ. ನೀರು ತುಂಬಿ ಮುಚ್ಚಳ ಬಿಗಿದು, ಬೋರಲು ಮಾಡಿ ತಟ್ಟೆಯಲ್ಲಿ ನಿಲ್ಲಿಸಿ. ನೀರು ತೂತಿನ ಮಟ್ಟಕ್ಕೆ ಬಂದೊಡನೆ ಒಳಗೆ ಗಾಳಿ ಹೋಗುವುದು ನಿಂತು ನೀರೂ ನಿಲ್ಲುತ್ತದೆ, ಮರಿ ಕುಡಿದಷ್ಟೇ ಮತ್ತೆ ಇಳಿಯುತ್ತದೆ. ತೂತು ತಟ್ಟೆಯ ಅಂಚಿಗಿಂತ ಮೇಲೆ ಬಿದ್ದರೆ ಬಾಟಲಿಯೆಲ್ಲ ಖಾಲಿಯಾಗಿ ನೆಲ ಕೆಸರಾಗುತ್ತದೆ, ಬಹಳ ಜನ ಎಡವುವುದು ಇಲ್ಲೇ. ಮೊದಲ ವಾರ ತಟ್ಟೆಯೊಳಗೆ ಬಾಟಲಿಯ ಸುತ್ತ ತೊಳೆದ ಗೋಲಿಗಳನ್ನು ತುಂಬಿ. ಮರಿ ಗೋಲಿಗಳ ಸಂದಿಯಲ್ಲಿ ಕೊಕ್ಕು ಅದ್ದಿ ಕುಡಿಯುತ್ತದೆ, ಕಾಲು ಒದ್ದೆಯಾಗುವುದಿಲ್ಲ. ಎಂಟನೆಯ ದಿನ ಗೋಲಿ ತೆಗೆದುಬಿಡಿ.