ಸೆನ್ಸರ್ ಸೂಜಿ ಬಂದರೆ ಬೆನ್ನುನೋವು ತಪ್ಪುತ್ತಾ?

ಪ್ರಶ್ನೆ: ಡಾಕ್ಟ್ರೇ, ಬೆನ್ನಿಗೆ ಕೊಡುವ ಅನಸ್ತೇಶಿಯಾ ಸೂಜಿಗೆ ಈಗ ಸೆನ್ಸರ್ ಇಡುತ್ತಾರಂತೆ. ನನ್ನ ಮಗಳ ಸಿಸೇರಿಯನ್‌ಗೆ ಅದನ್ನೇ ಬಳಸಿದರೆ ಮುಂದೆ ಜೀವನಪೂರ್ತಿ ಬೆನ್ನುನೋವು ಇರಲ್ಲ ಅಲ್ವಾ?

ಉತ್ತರ: ಅಂಥ ಸೂಜಿಗಳು ಇವೆ, ನಿಜ. ಬೆನ್ನಿಗೆ ಸೂಜಿ ಹಾಕುವಾಗ ಸಾಮಾನ್ಯವಾಗಿ ನಮಗೆ ಒಳಗೇನೂ ಕಾಣುವುದಿಲ್ಲ. ಯಾವ ಪದರ ದಾಟಿದೆವು ಅನ್ನುವುದು ಕೈಗೆ ತಿಳಿಯಬೇಕು. ಬೆನ್ನುಹುರಿ ದ್ರವದ ಚೀಲದ ಹೊರಗೇ ಮದ್ದು ಬಿಡುವ ಎಪಿಡ್ಯೂರಲ್‌ನಲ್ಲಂತೂ ಸಿರಿಂಜ್ ಒತ್ತುವ ಹೆಬ್ಬೆರಳಿಗೆ ಬಿಗಿ ತಟ್ಟನೆ ಸಡಿಲವಾದದ್ದೇ ಗುರುತು. ಸೆನ್ಸರ್ ಸೂಜಿ ಅದನ್ನು ಅಳೆದು ಹೇಳುತ್ತದೆ. ಒಂದು ಬಗೆಯಲ್ಲಿ ತುದಿಯಿಂದ ಅತಿ ಸಣ್ಣ ಕರೆಂಟ್ ಹರಿಸುತ್ತಾರೆ. ಕೊಬ್ಬಿನಲ್ಲಿ ಅದು ಸರಿಯಾಗಿ ಹರಿಯದು, ಉಪ್ಪಿನಂಶದ ಬೆನ್ನುಹುರಿ ದ್ರವದಲ್ಲಿ ಸರಾಗ. ಇನ್ನೊಂದು ಬಗೆಯಲ್ಲಿ ಸೂಜಿಯ ಮೇಲೆ ಬೀಳುವ ಒತ್ತಡವನ್ನು ಆಪ್ಟಿಕಲ್ ಫೈಬರ್ ಅಳೆಯುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇದರ ಮೇಲೆ ಮಾಡಿದ ಕೆಲಸ 2016ರಲ್ಲೇ ಪ್ರಕಟವಾಗಿದೆ. ಹೆಮ್ಮೆಯ ವಿಷಯ.

ಆದರೆ ಬೆನ್ನುನೋವು? ಎಷ್ಟು ಸಲ ಹೇಳಿದರೂ ಸೂಜಿಯಿಂದಲೇ ಬೆನ್ನುನೋವು ಬರುತ್ತದೆ ಅನ್ನುವ ಮಾತು ಹೆರಿಗೆ ವಾರ್ಡು ಬಿಟ್ಟು ಹೋಗುತ್ತಿಲ್ಲ. ಅತ್ತೆ ಹೇಳುತ್ತಾರೆ, ಪಕ್ಕದ ಬೆಡ್ಡಿನವರು ಹೌದೆನ್ನುತ್ತಾರೆ, ಹುಡುಗಿ ಹೆದರಿ ನಡುಗುತ್ತಾಳೆ.

ಸಿಸೇರಿಯನ್‌ಗೆ ಬಳಸುವ ಸ್ಪೈನಲ್ ಸೂಜಿ, ಅಂದರೆ ಆ ಚೀಲ ದಾಟಿ ದ್ರವದೊಳಕ್ಕೇ ಮದ್ದು ಬಿಡುವ ಸೂಜಿ, ಸುಮಾರು ಅರ್ಧ ಮಿಲಿಮೀಟರ್ ದಪ್ಪ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ನಾವು ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಮೂರನೆಯ ಮತ್ತು ನಾಲ್ಕನೆಯ ಮೂಳೆಯ ಸಂದಿನಲ್ಲೋ ಅದರ ಕೆಳಗಿನ ಸಂದಿನಲ್ಲೋ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಆಮೇಲೆ ಮಾಯುತ್ತದೆ. ಎಪಿಡ್ಯೂರಲ್ ಸೂಜಿ ಇದಕ್ಕಿಂತ ದಪ್ಪ. ಅದನ್ನು ತೆಗೆದುಕೊಂಡು ಹೆತ್ತವರನ್ನೂ ತೆಗೆದುಕೊಳ್ಳದೆ ಹೆತ್ತವರನ್ನೂ ಹೋಲಿಸಿ ನೋಡಿದ್ದಾರೆ. ಮುಂದೆ ಬೆನ್ನುನೋವು ಬರುವುದು ಇಬ್ಬರಲ್ಲೂ ಹೆಚ್ಚುಕಡಿಮೆ ಒಂದೇ.

ಹಾಗಾದರೆ ನೋವು ಸುಳ್ಳಾ? ಖಂಡಿತ ಅಲ್ಲ. ತಿಂಗಳುಗಟ್ಟಲೆ ಹೊಟ್ಟೆಯ ಭಾರಕ್ಕೆ ಸೊಂಟ ಬಾಗಿರುತ್ತದೆ. ಬಸುರಿಯ ಹಾರ್ಮೋನುಗಳಿಂದ ಕೀಲಿನ ಕಟ್ಟುಗಳು ಸಡಿಲವಾಗಿರುತ್ತವೆ. ಹೆರಿಗೆಯಾದ ಮೇಲೆ ಕೂಸನ್ನು ಎತ್ತುವುದು, ಹಗಲೂ ರಾತ್ರಿ ಬಗ್ಗಿ ಹಾಲೂಡಿಸುವುದು. ಇಂಜೆಕ್ಷನ್ನಿನ ಮೇಲೆ ತಪ್ಪು ಹೊರಿಸಿ ಸುಮ್ನೆ ಕೂತರೆ ಆಕೆಗೆ ಬೇಕಾದ ವ್ಯಾಯಾಮ, ಬೆನ್ನಿಗೆ ಆಸರೆ ಎರಡೂ ಸಿಗುವುದಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ. ಸೂಜಿಯಿಂದ ಬರದ ನೋವನ್ನು ಸೂಜಿಯ ಸೆನ್ಸರ್ ತಪ್ಪಿಸುವುದು ಹೇಗೆ?

ಸೆನ್ಸರ್ ನೆರವಾಗುವುದು ಬೇರೆ ಕಡೆ. ಪದೇ ಪದೇ ಚುಚ್ಚುವುದು ಕಡಿಮೆಯಾಗಬಹುದು, ಕಲಿಯುವವರ ಕೈ ಬೇಗ ಪಳಗಬಹುದು. ಎಪಿಡ್ಯೂರಲ್ ಸೂಜಿ ಇನ್ನೊಂದು ಪದರ ದಾಟಿ ದ್ರವದ ಚೀಲಕ್ಕೆ ತೂತು ಮಾಡುವ ಮೊದಲೇ ಎಚ್ಚರಿಸಬಹುದು.

ಆ ತೂತಿನಿಂದ ಬರುವುದು ತಲೆನೋವು. ಇದನ್ನು ಮಾತ್ರ ಯಾರೂ ಕೇಳುವುದಿಲ್ಲ! 1898ರಲ್ಲಿ ಸ್ಪೈನಲ್ ಅನಸ್ತೇಶಿಯಾ ಶುರುಮಾಡಿದ ಜರ್ಮನಿಯ ಆಗಸ್ಟ್ ಬಿಯರ್ ತಮ್ಮ ಮೇಲೇ ಪ್ರಯೋಗ ಮಾಡಿಸಿಕೊಂಡು ದಿನಗಟ್ಟಲೆ ಅನುಭವಿಸಿದ್ದೂ ಇದನ್ನೇ. ಪೆನ್ಸಿಲ್ ಮೊನೆಯಂಥ ತೆಳು ಸೂಜಿಗಳು ಬಂದ ಮೇಲೆ ಸ್ಪೈನಲ್‌ನಲ್ಲಿ ಬಹಳ ಕಡಿಮೆಯಾಗಿದೆ. ಆದರೂ ಎದ್ದು ಕೂತರೆ ಜಾಸ್ತಿ, ಮಲಗಿದರೆ ಕಡಿಮೆ ಅನ್ನುವ ತಲೆನೋವು ಮಗಳಿಗೆ ಬಂದರೆ, ಬಾಣಂತಿಗೆ ಶೀತ ಗಾಳಿ ಹೊಡೆದಿದೆ ಅಂತ ಕಿವಿಗೆ ಹತ್ತಿ ಇಟ್ಟು ಕೂರಿಸಬೇಡಿ. ಅನಸ್ತೇಶಿಯಾ ಡಾಕ್ಟರಿಗೆ ತಿಳಿಸಿ. ಮಾತ್ರೆಗೆ ಬಗ್ಗದಿದ್ದರೆ ಆಕೆಯದೇ ರಕ್ತ ಸ್ವಲ್ಪ ತೆಗೆದು ಬೆನ್ನಿನ ಆ ಜಾಗಕ್ಕೆ ಹಾಕುವ ಬ್ಲಡ್ ಪ್ಯಾಚ್ ಇದೆ. ಜ್ವರ, ಫಿಟ್ಸ್, ಕಣ್ಣು ಮಂಜಾಗುವುದು ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಕರೆತನ್ನಿ.