ಕರುಳಿನ ಹೊಲಿಗೆ ಬಿಚ್ಚುವವರು ಯಾರು?

ಆಪರೇಶನ್ ಆಗಿ ಐದನೆಯ ದಿನ. ಕಾಕಾನ ಹೊಟ್ಟೆಗೆ ಹಾಕಿದ್ದ ಪೈಪಿನಲ್ಲಿ ಅದುವರೆಗೆ ತಿಳಿಗೆಂಪು ನೀರು ಬರುತ್ತಿತ್ತು. ಅವತ್ತು ಬೆಳಿಗ್ಗೆ ಅದು ಹಸಿರು ಬೆರೆತು, ರಾಡಿಯಾಗಿ ಬಂತು. ಕಾಕು ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಇದ್ಯಾಕೋ ಸರಿ ಇಲ್ಲಪ್ಪಾ" ಅಂದಳು. ಮಧ್ಯಾಹ್ನಕ್ಕೆ ಚಳಿಜ್ವರ, ರಾತ್ರಿ ಮತ್ತೆ ಆಪರೇಶನ್. ದೊಡ್ಡ ಕರುಳಿನ ಗಡ್ಡೆ ತೆಗೆದು ಎರಡು ತುದಿ ಕೂಡಿಸಿದ್ದ ಜಾಗ ಸೋರಿತ್ತು.

ಬೆಟಗೇರಿಯ ಅವರ ಓಣಿಯಲ್ಲಿ ಇದಕ್ಕೆ ಎರಡು ಕಾರಣ ಹುಟ್ಟಿಕೊಂಡವು. ಡಾಕ್ಟರು ಹೊಲಿಗೆ ಸರಿ ಹಾಕಿಲ್ಲ ಅನ್ನುವುದು ಒಂದು. ಯಾರೋ ಬದನೆಕಾಯಿ ತಿನ್ನಿಸಿದ್ದಾರೆ, ನಂಜಾಗಿದೆ ಅನ್ನುವುದು ಇನ್ನೊಂದು. ಕಾಕಾ ಆ ಐದು ದಿನ ನೀರು, ಗಂಜಿ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಈ ನಂಜಿನ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅದರ ಹೆಸರಲ್ಲಿ ತಿಂಗಳುಗಟ್ಟಲೆ ಕಾಳು, ಬೇಳೆ, ತತ್ತಿ ಎಲ್ಲ ಬಂದ್ ಮಾಡುತ್ತಾರೆ. ಗಾಯ ಮಾಯಲು ದೇಹಕ್ಕೆ ಪ್ರೋಟೀನ್ ಜಾಸ್ತಿ ಬೇಕಾದ ಹೊತ್ತಿನಲ್ಲೇ ರೋಗಿಯನ್ನು ಉಪವಾಸ ಕೆಡವುತ್ತಾರೆ.

ಹೊಲಿಗೆಯ ದೂರನ್ನು ಮಾತ್ರ ಅಷ್ಟು ಸುಲಭವಾಗಿ ತಳ್ಳಿಹಾಕಲು ಬರುವುದಿಲ್ಲ. ಕರುಳು ಹೊಲಿಯುವ ಕಸುಬಿಗೆ ದೊಡ್ಡ ಚರಿತ್ರೆಯೇ ಇದೆ. ಹರಿದ ಕರುಳಿನ ಅಂಚುಗಳನ್ನು ದೊಡ್ಡ ಕಪ್ಪು ಇರುವೆಗಳಿಂದ ಕಚ್ಚಿಸಿ, ತಲೆ ಅಲ್ಲೇ ಬಿಟ್ಟು ಮೈ ಕತ್ತರಿಸುವ ಉಪಾಯ ಸುಶ್ರುತ ಸಂಹಿತೆಯಲ್ಲಿದೆ. ಇವತ್ತಿನ ಸ್ಟೇಪ್ಲರ್ ಮಾಡುವುದೂ ಹೆಚ್ಚುಕಡಿಮೆ ಅದನ್ನೇ ಅಲ್ವಾ? 1826ರಲ್ಲಿ ಫ್ರಾನ್ಸಿನ ಲಾಂಬೇರ್, ಕರುಳಿನ ಹೊರಮೈಗೆ ಹೊರಮೈ ತಾಗುವ ಹಾಗೆ ಹೊಲಿಯಬೇಕು ಎಂದು ತೋರಿಸಿದ. 1887ರಲ್ಲಿ ಅಮೆರಿಕದ ಹಾಲ್‌ಸ್ಟೆಡ್ ನಾಯಿಗಳ ಮೇಲೆ ಪ್ರಯೋಗ ಮಾಡಿ, ಕರುಳಿನ ಗೋಡೆಯಲ್ಲಿ ದಾರ ತಡೆಯುವ ಗಟ್ಟಿ ಪದರ ಯಾವುದು ಎಂದು ಗುರುತಿಸಿದ. ಅದು ಒಳಲೋಳೆಯ ಕೆಳಗಿರುವ ಪದರ, ಕೊಲಾಜನ್ ಎಂಬ ನಾರಿನಿಂದ ನೇಯ್ದದ್ದು. ಇಷ್ಟೆಲ್ಲ ಆದ ಮೇಲೂ, ಬಹಳ ಪಳಗಿದ ಕೈಯಲ್ಲೂ, ಕೆಲವರ ಕರುಳು ಸೋರುತ್ತಲೇ ಇದೆ.

ಯಾಕೆಂದರೆ ದಾರ ಹಿಡಿದು ನಿಲ್ಲಿಸುತ್ತದೆ, ಅಷ್ಟೇ. ಕೂಡಿಸುವುದು ಕೊಲಾಜನ್. ಕೌದಿ ಹೊಲಿಯುವವರಿಗೆ ಇದು ಚೆನ್ನಾಗಿ ಗೊತ್ತು. ದಾರ ಎಷ್ಟೇ ಗಟ್ಟಿ ಇರಲಿ, ಅರಿವೆ ಪಿಸಿದರೆ ಟಾಕು ಕಿತ್ತು ಬರುತ್ತದೆ. ಕರುಳಿನಲ್ಲಿ ಅರಿವೆ ತಾನಾಗಿಯೇ ಪಿಸಿಯುವ ಒಂದು ಗಳಿಗೆ ಬರುತ್ತದೆ. ಹಳೆ ಗೋಡೆ ರಿಪೇರಿ ಮಾಡುವ ಗೌಂಡಿ ಮೊದಲು ಸಡಿಲ ಕಲ್ಲು ಕಿತ್ತು ಆಮೇಲೆ ಹೊಸದು ಇಡುತ್ತಾನಲ್ಲ, ದೇಹವೂ ಹಾಗೇ. ಮೊದಲ ಮೂರು ನಾಲ್ಕು ದಿನ ಹೊಲಿಗೆಯ ಅಂಚಿನ ಹಳೆ ಕೊಲಾಜನ್ ಕರಗಿಸುತ್ತದೆ. ಹೊಸದು ಇನ್ನೂ ಬಲಿತಿರುವುದಿಲ್ಲ. ಜೋಡಣೆ ತೀರಾ ಬಡಕಲಾಗಿರುವುದು ಆಗಲೇ. ಆ ಗಳಿಗೆಯಲ್ಲಿ ಅಕ್ಕಪಕ್ಕ ಯಾರಿದ್ದಾರೆ ಅನ್ನುವುದು ಬಹಳ ಮುಖ್ಯ.

ಅಲ್ಲಿರುವವರು ಬ್ಯಾಕ್ಟೀರಿಯಾಗಳು. ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಎಂಬುದು 2016ರ ಒಂದು ಲೆಕ್ಕ. ಹೆಚ್ಚಿನವು ದೊಡ್ಡ ಕರುಳಿನಲ್ಲೇ ಇವೆ.

ಅವುಗಳ ಮೇಲೆ ಅನುಮಾನ ಹೊಸದಲ್ಲ. 1955ರಲ್ಲಿ ನ್ಯೂ ಆರ್ಲಿಯನ್ಸ್‌ನ ಸರ್ಜನ್ ಇಸಿಡೋರ್ ಕೋನ್ ಮತ್ತು ಜೊತೆಗಾರರು ನಾಯಿಗಳ ಕರುಳು ಕೂಡಿಸಿ, ಆ ಜಾಗದ ರಕ್ತದ ಹರಿವನ್ನೂ ಬೇಕೆಂದೇ ಕಡಿದರು. ಕೆಲವಕ್ಕೆ ಸಣ್ಣ ನಳಿಕೆಯಲ್ಲಿ ಹೊಲಿಗೆಯ ಜಾಗಕ್ಕೇ ಆಂಟಿಬಯಾಟಿಕ್ ಬಿಟ್ಟರು. ಅವುಗಳ ಗಾಯ ಮಾಯಿತು. ಔಷಧಿ ಸಿಗದ ನಾಯಿಗಳ ಕರುಳು ಸೋರಿತು. ಅದೇ ಕೈ, ಅದೇ ದಾರ. ನನಗೆ ಈ ಪ್ರಯೋಗ ಎಷ್ಟು ಸಲ ಓದಿದರೂ ರೋಮಾಂಚನ.

ಆರು ದಶಕದ ನಂತರ, 2015ರಲ್ಲಿ, ಶಿಕಾಗೋದ ಜಾನ್ ಆಲ್ವರ್ಡಿ ತಂಡ ಇಲಿಗಳಲ್ಲಿ ಆರೋಪಿಯ ಹೆಸರನ್ನೇ ಹೇಳಿತು. ಎಂಟರೊಕಾಕಸ್ ಫೀಕ್ಯಾಲಿಸ್. ಇದು ನಮ್ಮೆಲ್ಲರ ಹೊಟ್ಟೆಯಲ್ಲಿ ಸುಮ್ಮನೆ ಇರುವ ಸಾಧಾರಣ ಬ್ಯಾಕ್ಟೀರಿಯಾ. ಆದರೆ ಇದರ ಕೆಲವು ತಳಿಗಳು ಎರಡು ಕೆಲಸ ಮಾಡುತ್ತವೆ. ಒಂದು, ಕೊಲಾಜನ್ ಕತ್ತರಿಸುವ ಕಿಣ್ವವನ್ನು ತಾವೇ ಉಗುಳುತ್ತವೆ. ಎರಡನೆಯದು ಇನ್ನೂ ಕೆಟ್ಟದ್ದು. ನಮ್ಮ ದೇಹದ ಬಳಿಯೇ ಎಂಎಂಪಿ-9 ಎಂಬ ಕತ್ತರಿ ಇದೆ, ಮಡಚಿಟ್ಟ ಸ್ಥಿತಿಯಲ್ಲಿ. ಈ ಬ್ಯಾಕ್ಟೀರಿಯಾ ಅದನ್ನು ಬಿಚ್ಚಿ ಕೈಗೆ ಕೊಡುತ್ತದೆ. ಎರಿ ಹೊಲದ ಒಡ್ಡು ನೆನೆಸಿಕೊಳ್ಳಿ. ಮಳೆಗೆ ಮೊದಲು ಹೊಸ ಮಣ್ಣು ಹಾಕಿದ್ದೀರಿ, ಇನ್ನೂ ಕೂತಿಲ್ಲ. ಹೆಗ್ಗಣ ಬಿಲ ತೋಡಿದರೆ ಅದೊಂದು ಕಷ್ಟ. ಆ ಬಿಲದಲ್ಲಿ ನೀರು ನುಗ್ಗಿ ಒಡ್ಡಿನ ಮಣ್ಣನ್ನೇ ಕೊಚ್ಚತೊಡಗಿದರೆ ಕೆಲಸ ಮುಗಿಯಿತು. ಹೆಗ್ಗಣ ಶುರು ಮಾಡಿತು, ಉಳಿದದ್ದನ್ನು ನಿಮ್ಮದೇ ಹೊಲದ ನೀರು ಮಾಡಿತು.

ಹಾಗಾದರೆ ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟಿರುತ್ತಾರಲ್ಲ? ಆಪರೇಶನ್ನಿಗೆ ಮುಂಚೆ ಹೆಚ್ಚಾಗಿ ಕೊಡುವುದು ಸೆಫಲೊಸ್ಪೊರಿನ್ ಗುಂಪಿನ ಔಷಧಿ. ಎಂಟರೊಕಾಕಸ್ ಅದಕ್ಕೆ ಹುಟ್ಟಿನಿಂದಲೇ ಜಗ್ಗುವುದಿಲ್ಲ. ಇಂಥವನ್ನು ಹದ್ದಿನಲ್ಲಿಟ್ಟು ಕಾವಲಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಇದು ಉಳಿದು ಖಾಲಿ ಜಾಗ ತುಂಬಿಕೊಳ್ಳುತ್ತದೆ. ಹಾಗಂತ ಇಂಜೆಕ್ಷನ್ ಬೇಡ ಎನ್ನುವ ತಪ್ಪು ಮಾಡಬೇಡಿ. ಅದು ಬೇರೆ ಸೋಂಕುಗಳಿಂದ ಪ್ರಾಣ ಉಳಿಸುತ್ತದೆ.

ಕಾವಲಿನವರು ಅಂದೆನಲ್ಲ, ಅವರ ಊಟ ನಾರು. ಜೋಳದ ರೊಟ್ಟಿ, ಮಡಿಕೆಕಾಳು, ಪುಂಡಿಪಲ್ಲೆಯಲ್ಲಿ ನಾವು ಅರಗಿಸಲಾರದ ಭಾಗವನ್ನು ಅವು ತಿಂದು ಬ್ಯುಟಿರೇಟ್ ಎಂಬ ಆಮ್ಲ ಕೊಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ಮುಖ್ಯವಾಗಿ ಬದುಕುವುದು ಅದರ ಮೇಲೆಯೇ. ರಕ್ತದ ಸಕ್ಕರೆಗಿಂತ ಅವಕ್ಕೆ ಇದೇ ಇಷ್ಟ. ಮಲದ ದಾರಿ ಬೇರೆ ಕಡೆ ತಿರುಗಿಸಿ ಹೊಟ್ಟೆಯ ಮೇಲೆ ಚೀಲ ಇಟ್ಟವರಲ್ಲಿ, ಕೆಳಗೆ ಖಾಲಿ ಉಳಿದ ಕರುಳು ಹಸಿದು ಉರಿಯೂತಕ್ಕೆ ಸಿಗುವುದುಂಟು. ಇಂಥ ಆಮ್ಲಗಳ ನೀರನ್ನು ಅದರೊಳಗೆ ಬಿಟ್ಟಾಗ ಉರಿಯೂತ ಇಳಿದದ್ದನ್ನು 1989ರಲ್ಲೇ ವರದಿ ಮಾಡಿದ್ದಾರೆ. ಶಿಕಾಗೋ ತಂಡ ಇಲಿಗಳಿಗೆ ಮೊದಲು ಕೊಬ್ಬಿನ ಆಹಾರ ತಿನ್ನಿಸಿ, ಆಪರೇಶನ್ನಿಗೆ ಮುಂಚೆ ಕೆಲವೇ ದಿನ ನಾರು ಜಾಸ್ತಿ, ಕೊಬ್ಬು ಕಡಿಮೆ ಇರುವ ಆಹಾರಕ್ಕೆ ಬದಲಿಸಿದಾಗಲೂ ಜೋಡಣೆ ಚೆನ್ನಾಗಿ ಮಾಯಿತು.

ಮನುಷ್ಯರ ಕಡೆಯಿಂದ ಬಲವಾದ ಸುಳಿವು ಸಿಕ್ಕಿದ್ದು 2023ರಲ್ಲಿ, ಕೆನಡಾದ ಮಾಂಟ್ರಿಯಾಲ್‌ನಿಂದ. ಆಪರೇಶನ್ನಿಗೆ ಮುಂಚೆಯೇ ತೆಗೆದಿಟ್ಟ ರೋಗಿಗಳ ಮಲವನ್ನು ಇಲಿಗಳಿಗೆ ಸೇರಿಸಿದರು. ಆಮೇಲೆ ಕರುಳು ಸೋರಿದ ರೋಗಿಗಳ ಮಲ ಪಡೆದ ಇಲಿಗಳಲ್ಲೂ ಗಾಯ ಸರಿಯಾಗಿ ಕೂಡಲಿಲ್ಲ. ಅಂದರೆ ಕತ್ತಿ ಹಾಕುವ ಮೊದಲೇ ಕಥೆ ಅರ್ಧ ಬರೆದಾಗಿತ್ತು.

ರಕ್ತದ ಹರಿವು, ಸಕ್ಕರೆ ಕಾಯಿಲೆ, ಧೂಮಪಾನ, ಸ್ಟೀರಾಯ್ಡ್, ಇವುಗಳ ಪಾಲೂ ಇದ್ದೇ ಇದೆ. ಮೊಸರು ಕುಡಿದರೆ, ಮೆಡಿಕಲ್ ಶಾಪಿನ ಪ್ರೊಬಯಾಟಿಕ್ ಪುಡಿ ತಿಂದರೆ ಹೊಲಿಗೆ ಕೂಡುತ್ತದೆ ಎನ್ನುವಷ್ಟು ಪುರಾವೆ ಇನ್ನೂ ಇಲ್ಲ. ಆಪರೇಶನ್ ಆದ ಕೂಡಲೇ ರೊಟ್ಟಿ ತಿನ್ನಿಸಲೂ ಹೋಗಬೇಡಿ. ಯಾವಾಗ ಏನು ಅನ್ನುವುದನ್ನು ನಿಮ್ಮ ಸರ್ಜನ್ನರೇ ಹೇಳಬೇಕು.

ಕಾಕಾ ಕೆಲವು ತಿಂಗಳು ಹೊಟ್ಟೆಯ ಮೇಲೆ ಚೀಲ ಇಟ್ಟುಕೊಂಡೇ ಮಗ್ಗದ ಮುಂದೆ ಕೂತ. ಬೀಡಿ ಬಿಟ್ಟ. ಕಾಕು ಓಣಿಯವರ ಮಾತು ಕೇಳುವುದು ನಿಲ್ಲಿಸಿ, ಡಾಕ್ಟರನ್ನು ಕೇಳಿ ದಿನಾ ಬೇಳೆ, ತತ್ತಿ ಕೊಟ್ಟಳು. ಚೀಲ ತೆಗೆದು ಕರುಳು ಮತ್ತೆ ಕೂಡಿಸಿದ ಮೂರನೆಯ ದಿನ ನರ್ಸ್ ಬಾಗಿಲಲ್ಲೇ ನಿಂತು ಕೇಳಿದಳು: "ಗಾಳಿ ಹೋತೇನ್ರಿ ಅಜ್ಜಾರ?" ಕಾಕಾ ನಾಚಿ ಗೋಡೆ ಕಡೆ ಮುಖ ಮಾಡಿದ. "ಹೋತ್ರೀ, ನಸಿಕಿನ್ಯಾಗ ಎರಡ ಸಲ" ಅಂತ ಕಾಕುನೇ ಹೇಳಿದಳು, ವಾರ್ಡಿಗೆಲ್ಲ ಕೇಳುವ ಹಾಗೆ.